ಹಾಡಿನಲ್ಲಿ ಬಿಟ್ಟ ಹೆಸರು

ನೈರೋಬಿಯ ಲಂಗಾಟಾದ ನಮ್ಮ ಗೇಟಿನೆದುರು ಈ ಸಂಜೆ ಮೆಕ್ಕೆಜೋಳ ಸುಡುತ್ತಿದ್ದರು. ಕೆಂಡದ ಆ ವಾಸನೆಗೆ ನಿಂಬೆ, ಖಾರದಪುಡಿ ಬೆರೆತದ್ದೇ ತಡ, ನನಗೆ ಎಲೆನಾ ನೆನಪಾದಳು. ನಮ್ಮ ಮೇಲಿನ ಫ್ಲ್ಯಾಟಿನಲ್ಲಿದ್ದ ಮೆಕ್ಸಿಕೋದವಳು. ಶಾಲೆಯೊಂದರಲ್ಲಿ ಸ್ಪ್ಯಾನಿಷ್ ಕಲಿಸುತ್ತಿದ್ದಳು. ಜೋಳವನ್ನು ಹೀಗೆ ತಿನ್ನುವುದನ್ನು ಪ್ರಪಂಚಕ್ಕೆ ಕಲಿಸಿದ್ದು ತನ್ನ ಊರೇ ಎಂದು ಅವಳ ವಾದ. ನಾನು ಬಿಡುತ್ತೇನೆಯೇ? ಬೆಂಗಳೂರಿನ ಪರ ನಿಂತೆ. ಜಗಳದಿಂದಲೇ ಸ್ನೇಹವಾಯಿತು.

ಭಾನುವಾರ ಬಟ್ಟೆ ಒಣಹಾಕುತ್ತಾ ಅವಳು ಹಾಡುತ್ತಿದ್ದಳು. ನನ್ನ ಸ್ಪ್ಯಾನಿಷ್ ಫೋನಿನಲ್ಲಿ ಕಲಿತದ್ದು. ಎಷ್ಟು ಕಿವಿಗೊಟ್ಟರೂ ‘ಕುದುರೆ’ ಎಂಬ ಪದವೊಂದೇ ಸಿಕ್ಕುತ್ತಿತ್ತು. ಮದುವೆ ದಿಬ್ಬಣದ ಹಾಡಿರಬೇಕೆಂದು ಊಹಿಸಿದ್ದೆ. ಕೇಳಿದರೆ ಅದು ಕೊರಿದೊ. ಊರಲ್ಲಿ ನಡೆದದ್ದನ್ನು ಹೇಳುವ ಹಾಡು, ನಮ್ಮ ಲಾವಣಿಯ ಹಾಗೆ. ಯಾರು ಯಾರನ್ನು ಕೊಂದರು, ತಾಯಿ ಹೇಗೆ ಅತ್ತಳು, ತಮ್ಮ ಹೇಗೆ ಸೇಡು ತೀರಿಸಿಕೊಂಡ, ಎಲ್ಲವೂ ಅದರಲ್ಲಿ.

“ಮರ್ಡರ್‌ಗೆ ಇಷ್ಟು ಜಾಲಿ ಟ್ಯೂನಾ!” ಅಂದರು ನಮ್ಮ ಯಜಮಾನರು.

ಅದನ್ನೇ ಎಲೆನಾಳನ್ನು ಕೇಳಿದೆ. “ಅಳೋ ಟ್ಯೂನಾದ್ರೆ ಕೊನೇವರೆಗೂ ಹಾಡೋಕಾಗಲ್ಲ,” ಅಂದಳು.

ಒಂದು ಹಾಡಿನಲ್ಲಿ ಮಾತ್ರ ಅವಳು ನಡುವೆ ಪದ ಬಿಟ್ಟು, ತುಸು ಗುನುಗಿ, ಮುಂದುವರಿಯುತ್ತಿದ್ದಳು. ನನ್ನ ಕುತೂಹಲ ನಿಮಗೆ ಗೊತ್ತಲ್ಲ, ಕೇಳಿಯೇಬಿಟ್ಟೆ. ಅದು ಅವಳ ಅಣ್ಣನ ಹಾಡಂತೆ. ಜಮೀನಿನ ತಕರಾರಿನಲ್ಲಿ ಊರಿನವನೊಬ್ಬ ಅವನನ್ನು ಗುಂಡಿಕ್ಕಿ ಕೊಂದಿದ್ದ, ಶಿಕ್ಷೆಯೇನೂ ಆಗಲಿಲ್ಲ. ಅಪ್ಪ ಹಾಡುಗಾರನನ್ನು ಕರೆಸಿ ಹಾಡು ಕಟ್ಟಿಸಿದರು. ಕೊಂದವನ ಹೆಸರು ಬಂದಾಗ ಅಮ್ಮ ತಡೆದರು: “ಮೊಮ್ಮಗ ಇನ್ನೂ ತೊಟ್ಟಿಲಲ್ಲಿದಾನೆ. ಈ ಹೆಸರು ಕೇಳ್ತಾ ಬೆಳೆದ್ರೆ ಅವನೂ ಬಂದೂಕು ಹಿಡೀತಾನೆ.” ಆ ಜಾಗದಲ್ಲಿ ಬರೀ ಗಿಟಾರ್ ಉಳಿಯಿತು. ಊರಿಗೆಲ್ಲ ಗೊತ್ತು, ಹಾಡುವವರಿಲ್ಲ.

ಆ ಮೊಮ್ಮಗ, ಸತ್ತ ಅಣ್ಣನ ಮಗ ಮಾತೆಯೊ, ದೊಡ್ಡವನಾದ ಮೇಲೆ, ಅತ್ತೆಯನ್ನು ನೋಡಲು ನೈರೋಬಿಗೆ ಬಂದ. ನಮ್ಮನ್ನೂ ಊಟಕ್ಕೆ ಕರೆದಿದ್ದಳು. ಊಟವಾದ ಮೇಲೆ ಅವನು ಗಿಟಾರ್ ತೆಗೆದುಕೊಂಡು ಅಪ್ಪನ ಹಾಡನ್ನೇ ಶುರುಮಾಡಿದ. ಆ ಜಾಗ ಹತ್ತಿರವಾದಂತೆ ಎಲೆನಾ ತಟ್ಟೆಗಳನ್ನೆತ್ತಿಕೊಂಡು ಅಡುಗೆಮನೆಗೆ ಹೊರಟಳು.

“ಕೂತ್ಕೋ ಅತ್ತೆ,” ಅಂದ ಮಾತೆಯೊ, ನಮ್ಮೆದುರು ಆಡುತ್ತಿದ್ದ ಇಂಗ್ಲಿಷಿನಲ್ಲೇ. “ಆ ಹೆಸರು ನಂಗೆ ಗೊತ್ತು. ಅವನ ಮಗಳು ನನ್ನ ಕ್ಲಾಸಲ್ಲೇ ಇದ್ಲು. ಅವಳೇ ಹೇಳಿದ್ಲು.”

“ನೀನೇನ್ ಮಾಡ್ದೆ?” ತಟ್ಟೆ ಹಿಡಿದೇ ಎಲೆನಾ ಅವನತ್ತ ತಿರುಗಿದಳು.

“ಏನ್ ಮಾಡ್ಲಿ? ಅವಳು ಅಳ್ತಿದ್ಲು. ಪಕ್ಕದಲ್ಲಿ ಕೂತ್ಕೊಂಡೆ.”

ಎಲೆನಾ ತಟ್ಟೆಗಳನ್ನು ಕೆಳಗಿಟ್ಟಳು. ಆ ಹೆಸರನ್ನು ಬಾಯಿಬಿಟ್ಟು ಹೇಳಿದಳು, ಉಗುಳಿದ ಹಾಗೆ. ಮತ್ತೊಮ್ಮೆ ಹೇಳಹೋದಾಗ ಅಳು ನುಗ್ಗಿ ಬಂತು. “ನಿನ್ನನ್ನ ಕಾಪಾಡ್ತಿದೀವಿ ಅಂದ್ಕೊಂಡಿದ್ದೆ,” ಅಂದಳು. “ಇಷ್ಟು ವರ್ಷ ಅವನನ್ನ ಮನಸ್ಸಲ್ಲಿ ದಿನಾ ಕೊಲ್ತಾ ಇದ್ದಿದ್ದು ನಾನು.” ಮಾತೆಯೊ ಅವಳ ಕೈ ಹಿಡಿದುಕೊಂಡ. ನಾವು ಎದ್ದು ಹೋಗಬೇಕೋ ಕೂರಬೇಕೋ ತಿಳಿಯದೆ ಕೂತೇ ಇದ್ದೆವು.

ಎಲೆನಾ ಈಗ ತನ್ನ ಊರಿನಲ್ಲಿದ್ದಾಳೆ. ಇದನ್ನು ಬರೆಯುವಾಗ ಆ ಹೆಸರನ್ನೂ ಬರೆದಿದ್ದೆ. ಯಾರವನು ಎಂಬ ಕುತೂಹಲ ನಿಮಗಿರಬಹುದು, ನನಗೂ ಇತ್ತಲ್ಲ. ಆಮೇಲೆ ಅಳಿಸಿದೆ. ಅವನ ಆ ಮಗಳಿಗೂ ಈಗ ಮಕ್ಕಳಿದ್ದಾರು.