ಶನಿವಾರಗಳ ಪಟ್ಟಿ

ಇದನ್ನು ಬರೆದಿಡದೆ ಸಾಯಬಾರದು ಅನ್ನಿಸಿ ಕೂತಿದ್ದೇನೆ. ನಾನು ಎಸ್ಸೆಸ್ಸೆಲ್ಸಿ ಓದಿದವನು, ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ನಿವೃತ್ತನಾದವನು. ಹೆಂಡತಿ ತೀರಿಕೊಂಡ ಮೇಲೆ, ಎರಡು ಸಾವಿರದ ಇಸವಿಯ ಆಚೀಚೆ, ಡಾಕ್ಟರ್ ಮಗಳ ಜೊತೆ ಇಂಗ್ಲೆಂಡಿನ ಸೊಲಿಹಲ್‌ನಲ್ಲಿದ್ದೆ.

ಅಲ್ಲಿನ ಕನ್ನಡದವರು ಶನಿವಾರಗಳಂದು ಸರದಿಯ ಮೇಲೆ ಸತ್ಯನಾರಾಯಣ ಪೂಜೆ ಮಾಡಿಸುತ್ತಿದ್ದರು. ಯಾರ ಕಾರಿನಲ್ಲಿ ಯಾರು ಬರಬೇಕು ಎಂಬ ಗೊಂದಲ ತಪ್ಪಿಸಲು ನಾನೊಂದು ಪಟ್ಟಿ ಬರೆದೆ. ಹೆಸರು, ಮನೆ ನಂಬರು, ಪೋಸ್ಟ್‌ಕೋಡು, ಹೊರಡುವ ವೇಳೆ, ವಾಪಸಾಗುವ ವೇಳೆ. ಮಕ್ಕಳಿಗೂ ಓದಲು ಬರಲಿ ಎಂದು ಇಂಗ್ಲಿಷಿನಲ್ಲೇ. ಒಂದು ಪ್ರತಿಯನ್ನು ದಿನಸಿ ಅಂಗಡಿಯ ಬೋರ್ಡಿಗೂ ಅಂಟಿಸಿದೆ. ಎಲ್ಲರೂ ಹೊಗಳಿದರು, ನಾನು ಉಬ್ಬಿದೆ.

ಆಮೇಲೆ ಲೆಮಿಂಗ್ಟನ್‌ನಲ್ಲಿ ಒಬ್ಬರ ಮನೆಯಿಂದ ಕಂಪ್ಯೂಟರ್ ಹೋಯಿತು. ಎರಡು ವಾರ ಬಿಟ್ಟು ಸೆಲ್ಲಿ ಓಕ್‌ನಲ್ಲಿ ಇನ್ನೊಬ್ಬರ ಕಾರು. ಊರು ಬೇರೆ, ಕಳುವಾದ ವಸ್ತು ಬೇರೆ. ಪೊಲೀಸರಿಗೆ ನಂಟು ಕಾಣಲಿಲ್ಲ. ನನಗೆ ಕಂಡಿತು. ಎರಡೂ ಕಳ್ಳತನ ನಾನು ಬರೆದಿದ್ದ ವೇಳೆಯ ನಡುವೆಯೇ ಆಗಿದ್ದವು. ಯಾವ ಮನೆ ಯಾವಾಗ ಖಾಲಿ ಎಂದು ಬೋರ್ಡು ನೋಡಿದ ಯಾರಿಗಾದರೂ ತಿಳಿಯುತ್ತಿತ್ತು. ಅಂಗಡಿಗೆ ಹೋಗಿ ಹಾಳೆ ಕಿತ್ತು ಜೇಬಿಗೆ ಹಾಕಿಕೊಂಡು ಬಂದೆ. ಯಾರಿಗೂ ಹೇಳಲಿಲ್ಲ. ಕಳ್ಳ ಆಗಲೇ ಅದನ್ನು ನೋಡಿಕೊಂಡಿದ್ದನೇನೋ, ಮೂರನೇ ಶನಿವಾರ ನಮ್ಮ ಪಕ್ಕದ ಬೀದಿಯವರ ಚಿನ್ನ ಹೋಯಿತು. ಒಂದು ಮಾತು ಹೇಳಿದ್ದರೆ ಅದು ಉಳಿಯುತ್ತಿತ್ತು.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. "ಯಾರಿರಬಹುದು ಅಂಕಲ್?" ಎಂದು ಚಿನ್ನ ಹೋದ ಮೇಲೆ ಜನ ಕೇಳಿದಾಗ, ನನ್ನ ಪಟ್ಟಿ ಅವರಿಗೆ ನೆನಪಾಗದಿರಲೆಂದು, "ಅಡಿಗೆಯಾಕೆಗೆ ಎಲ್ಲರ ಮನೆಯೂ ಗೊತ್ತಲ್ಲ" ಎಂದುಬಿಟ್ಟೆ. ಪೂಜೆಗಳಿಗೆ ಅಡಿಗೆ ಮಾಡಿ ಒಬ್ಬಳೇ ಬದುಕುತ್ತಿದ್ದ ಹುಬ್ಬಳ್ಳಿ ಕಡೆಯ ಹೆಂಗಸು. ಮರುವಾರದಿಂದ ಆಕೆಯನ್ನು ಯಾರೂ ಕರೆಯಲಿಲ್ಲ.

ಒಂದು ಮಧ್ಯಾಹ್ನ ಪತ್ತೇದಾರ ಬಂದ. ಸ್ವೀಡನ್ನಿನವನು, ಇಂಗ್ಲಿಷ್ ಹೆಂಡತಿಯ ಊರೆಂದು ಅಲ್ಲಿಯ ಪೊಲೀಸ್ ಸೇರಿದವನು. ನಿದ್ದೆಗೆಟ್ಟ ಕಣ್ಣು. ಹೇಳದೆಯೇ ಬಾಗಿಲಲ್ಲಿ ಶೂ ಬಿಚ್ಚಿದ. ಕಾಲುಚೀಲದಿಂದ ಹೆಬ್ಬೆರಳು ಇಣುಕುತ್ತಿತ್ತು. ಮಗಳು ನಕ್ಕಳು. "ನಮ್ಮ ದೇಶದಲ್ಲೂ ಹೀಗೇ" ಎಂದು ಅವನೂ ನಕ್ಕ. ಆಮೇಲೆ ಮೇಜಿನ ಮೇಲೆ ಒಂದು ಹಾಳೆ ಇಟ್ಟ. ಲೆಮಿಂಗ್ಟನ್ ಮನೆಯವರ ಫ್ರಿಜ್ ಮೇಲಿದ್ದ ನನ್ನ ಪಟ್ಟಿ.

ಅವನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಮಗಳು ಕನ್ನಡದಲ್ಲಿ ಹೇಳುತ್ತ ಬಂದಳು. "ಮೂರು ಮನೆಯವರನ್ನೂ ಆ ದಿನ ಊಟ ಎಲ್ಲಿ ಮಾಡಿದಿರಿ ಅಂತ ಕೇಳಿದರಂತೆ. ಮೂವರೂ ಪೂಜೆ ಅಂದರಂತೆ. ಅಪ್ಪಾ, ಇದು ನಿನ್ನ ಅಕ್ಷರ ಅಲ್ವಾ?"

"ಹೌದು."

"ಇದರ ಪ್ರತಿ ಅಂಗಡಿ ಬೋರ್ಡಿನಲ್ಲೂ ಇತ್ತಂತೆ. ಯಾರು ಕಿತ್ತಿದ್ದು?"

"ನಾನೇ" ಎಂದೆ. ಪತ್ತೇದಾರ ಬಹಳ ಮೆತ್ತಗೆ ಇನ್ನೇನೋ ಕೇಳಿದ. ಮಗಳ ಮುಖ ಬಿಳಿಚಿಕೊಂಡಿತು.

"ಅಡಿಗೆಯವರ ಮೇಲೆ ಮೊದಲು ಅನುಮಾನ ಹೇಳಿದ್ದು ನೀನಂತೆ. ಮೂರು ಶನಿವಾರವೂ ಕಳ್ಳತನ ಆಗೋ ಹೊತ್ತಿಗೆ ಅವರು ನಮಗೇ ಬಡಿಸ್ತಾ ಇದ್ದರಲ್ಲಪ್ಪಾ!"

ನಾನು ಬೆಚ್ಚಿಬಿದ್ದೆ. ಸುಳ್ಳೆಂದು ಗೊತ್ತಿದ್ದೇ ಹೇಳಿದ್ದೆ. ಆದರೆ ಇಷ್ಟು ಹಸಿ ಸುಳ್ಳೆಂದು ನನಗೇ ಹೊಳೆದಿರಲಿಲ್ಲ. ನಲವತ್ತು ಜನ ಆಕೆಯ ಕೈಯೂಟ ಉಂಡವರು, ಒಬ್ಬರಿಗೂ ಹೊಳೆಯಲಿಲ್ಲ.

ಅವತ್ತೇ ಮಗಳು ನನ್ನನ್ನು ಆಕೆಯ ಬಾಗಿಲಿಗೆ ಕರೆದೊಯ್ದಳು. ನಿಂತೇ ಎಲ್ಲ ಹೇಳಿದೆ.

"ನನ್ನ ಮುಂದ ಹೇಳಿದ್ರ ಏನ್ ಬಂತ್ರೀ ಕಾಕಾರ? ನನಗ ಗೊತ್ತದ ನಾ ಕಳ್ಳಿ ಅಲ್ಲಂತ. ಅವರ ಮುಂದ ಹೇಳ್ರಿ."

ಮುಂದಿನ ಶನಿವಾರ, ಕಥೆ ಮುಗಿದು ಪ್ರಸಾದ ಹಂಚುವ ಮೊದಲು, ಎಲ್ಲರ ಮುಂದೆ ಹೇಳಿದೆ. ಚಿನ್ನ ಕಳೆದುಕೊಂಡ ಹೆಂಗಸು ಬಿಕ್ಕುತ್ತ ಎದ್ದಳು. "ನಾನು ಆಕೆ ಚೀಲ ನೆಲಕ್ಕೆ ಸುರಿದು ನೋಡಿದೆನಲ್ಲ ಅಂಕಲ್" ಎಂದಳು. ಇನ್ನಿಬ್ಬರನ್ನು ಕರೆದುಕೊಂಡು ಆಗಲೇ ಕಾರು ಹತ್ತಿ ಅಡಿಗೆಯಾಕೆಯ ಮನೆಗೆ ಹೋದಳು.

ಆಕೆ ಕಿಟಕಿಯ ಪರದೆ ಸರಿಸಿ ನೋಡಿದಳಂತೆ. ಬಾಗಿಲು ತೆಗೆಯಲಿಲ್ಲವಂತೆ.