ತಂಗಿಯ ಕಾಯಿಲೆ ಮತ್ತು ಅಮ್ಮನ ಪಕ್ಕದ ಜಾಗ

ನಿರೂಪಣೆಯಲ್ಲಿ ಲೋಪಗಳಿದ್ದರೆ ಓದುಗರು ಕ್ಷಮಿಸಬೇಕು. ನಮ್ಮ ಮನೆಯಲ್ಲಿ ಪದವಿ ಪಡೆದವಳು ನಾನೊಬ್ಬಳೇ. ವೈದ್ಯಕೀಯ ವಿಷಯವನ್ನು ತಪ್ಪಿಲ್ಲದೆ ಹೇಳಬಲ್ಲೆನೇ ಎಂಬ ಅಳುಕು ಈಗಲೂ ಇದೆ.

ತಾಯಲೂರಿನ ಬಳಿ ನಮ್ಮದು ರೇಷ್ಮೆಹುಳು ಸಾಕುವ ಮನೆ. ನಾನು ಪಿಯುಸಿಯಲ್ಲಿದ್ದಾಗ ಹತ್ತು ವರ್ಷದ ತಂಗಿಗೆ ಟೈಪ್ ಒನ್ ಮಧುಮೇಹವಿರುವುದು ತಿಳಿಯಿತು. ಕೋಲಾರದ ವೈದ್ಯರು ಇನ್ಸುಲಿನ್ ಬರೆದುಕೊಟ್ಟು, "ಒಡಹುಟ್ಟಿದವರಿಗೂ ಬರುವ ಸಂಭವ ಸ್ವಲ್ಪ ಹೆಚ್ಚು, ದೊಡ್ಡವಳ ಮೇಲೂ ಗಮನವಿರಲಿ" ಎಂದರಂತೆ. ಅಮ್ಮ ಆ ಮಾತನ್ನು ತಮಗೆ ತಿಳಿದ ಕಸುಬಿನಂತೆಯೇ ಅರ್ಥ ಮಾಡಿಕೊಂಡರು. ಒಂದು ಹುಳುವಿಗೆ ಹಾಲುರೋಗ ಬಂದರೆ ಆರೋಗ್ಯವಾಗಿರುವವನ್ನು ಬೇರೆ ತಟ್ಟೆಗೆ ಹಾಕಿ ಸುಣ್ಣ ಉದುರಿಸುವುದು ನಮ್ಮಲ್ಲಿ ರೂಢಿ. ಅಂದೇ ನನ್ನ ಲೋಟ ಬೇರೆಯಾಯಿತು, ಚಾಪೆ ಅಜ್ಜಿಯ ಕೋಣೆಗೆ ಹೋಯಿತು.

ತಂಗಿ ಮಾತ್ರ ಅಮ್ಮನ ಮಗ್ಗುಲಲ್ಲೇ ಮಲಗಿದಳು. ನಾಲ್ಕನೇ ಬಾರಿ ಪೊರೆ ಬಿಟ್ಟು ಹಸಿದೆದ್ದ ಹುಳುಗಳಿಗೆ ಸೊಪ್ಪು ಹಾಕುವ ಹೊತ್ತಿನಲ್ಲೂ ಅಮ್ಮ ಕೈತೊಳೆದು ಅವಳ ಬೆರಳು ಚುಚ್ಚಿ ರಕ್ತ ನೋಡಲು ಓಡುತ್ತಿದ್ದರು. ನನ್ನ ಪರೀಕ್ಷೆಯ ದಿನ ಬಾಗಿಲವರೆಗೂ ಬರದಿದ್ದವರು ಅವಳಿಗಾಗಿ ಹುಳುಗಳನ್ನು ಅಪ್ಪನಿಗೆ ಬಿಟ್ಟು ಕೋಲಾರದ ಬಸ್ಸು ಹತ್ತುತ್ತಿದ್ದರು. ಅವಳ ಮುದ್ದೆಯನ್ನು ಅಂಗೈಯಲ್ಲಿ ತೂಗಿ ನೋಡುವ ಅಮ್ಮನಿಗೆ ನಾನು ಉಂಡೆನೋ ಇಲ್ಲವೋ ತಿಳಿಯುತ್ತಿರಲಿಲ್ಲ. ಆ ಕಾಯಿಲೆ ನನಗೇ ಬರಬಾರದಿತ್ತೇ ಎನಿಸುವಷ್ಟು ಹೊಟ್ಟೆಕಿಚ್ಚು.

"ನಂಗೂ ಬಂದ್ರೆ ಆಗ ನೋಡ್ಕೊತೀಯಾ?" ಎಂದು ಅಮ್ಮನನ್ನು ಕೇಳಿದೆ.

"ಊರಕೆ ಉಂಡವೇ," ಎಂದು ಅಜ್ಜಿ ತೆಲುಗಿನಲ್ಲಿ ನನ್ನ ಬಾಯಿ ಮುಚ್ಚಿಸಿದರು. ಅಮ್ಮ ಮರುದಿನ ನನ್ನನ್ನೂ ಕೋಲಾರಕ್ಕೆ ಕರೆದೊಯ್ದರು.

ಬೇರೆ ಚಾಪೆಯ ಸಂಗತಿ ಕೇಳಿ ವೈದ್ಯರು ನಕ್ಕರು. "ಇದು ಅಂಟೋ ಕಾಯಿಲೆ ಅಲ್ಲಮ್ಮ. ಹುಟ್ಟಿನಿಂದಲೇ ಬರೋ ವಂಶವಾಹಿಗಳೂ ಒಂದು ಕಾರಣ. ಒಡಹುಟ್ಟಿದವರಲ್ಲಿ ಹೆಚ್ಚಿನವರಿಗೆ ಬರೋದೇ ಇಲ್ಲ." ಆದರೂ ನನ್ನ ರಕ್ತವನ್ನು ಪರೀಕ್ಷೆಗೆ ತೆಗೆದುಕೊಂಡರು. ವರದಿ ಬರುವವರೆಗೆ ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು; ಆ ದಿನಗಳು ಮುಗಿಯದಿರಲಿ ಎನಿಸಿತು. ವರದಿಯಲ್ಲಿ ಕಾಯಿಲೆಯ ಮುನ್ಸೂಚನೆ ಕಾಣಲಿಲ್ಲ.

"ನಿಂಗೇನೂ ಇಲ್ವಂತೆ ಕಣೇ," ತಂಗಿ ರೇಗಿಸಿದಳು. "ಅಮ್ಮ ಇನ್ನು ನಂಗೇ."

ಆ ಬಳಿಕ ನಾವೆಲ್ಲರೂ ಮೊದಲಿನಂತೆ ಒಂದೇ ಕಡೆ ಉಂಡೆವು. ಸಂಜೆಯ ಇನ್ಸುಲಿನ್ ಚುಚ್ಚುವ ಕೆಲಸ ನನ್ನದಾಯಿತು. ನಾನೂ ವೈದ್ಯರು ಹೇಳಿದಾಗಲೆಲ್ಲ ರಕ್ತಪರೀಕ್ಷೆಗೆ ಹೋಗುತ್ತೇನೆ, ಅಮ್ಮ ಜೊತೆಗೆ ಬರುತ್ತಾರೆ. ಚಾಪೆ ಅಮ್ಮನ ಕೋಣೆಗೆ ಮರಳಿತು. ಆದರೆ ನಿದ್ದೆಯಲ್ಲಿ ಸಕ್ಕರೆ ಇಳಿದರೆ ತಿಳಿಯಬೇಕೆಂದು ಅಮ್ಮನ ಪಕ್ಕದ ಜಾಗ ತಂಗಿಗೇ ಉಳಿಯಿತು.