ಒಂದು ಗೇಣು ನೇಯ್ದ ಮೇಲೆ ಅಂಕೋಲೆಗೆ

ಬೆಳಗಿನ ಆರು ಗಂಟೆ. ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಲೇಡೀಸ್ ಸೈಕಲ್ಲೊಂದು ಪಯಣಕ್ಕೆ ಸಜ್ಜಾಗಿ ನಿಂತಿದೆ. ಕ್ಯಾರಿಯರಿಗೆ ಬಿಗಿದ ಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಎರಡು ಸೀರೆ, ಗಾಳಿ ಹೊಡೆಯುವ ಪಂಪು. ಸೈಕಲ್ಲಿನ ಒಡತಿ ಮಾತ್ರ ಒಳಗೆ ಮಾನವ್ವನ ಮಗ್ಗದ ಹಿಂದೆ ಕೂತು, ಎಳೆ ಜಾರದಂತೆ ಬೂದಿ ಹಚ್ಚಿಕೊಂಡ ಬೆರಳುಗಳಿಂದ ಎಳೆಗೆ ಎಳೆ ಕೂಡಿಸುತ್ತಿದ್ದಾರೆ. ಇವರು ಗುಡ್ಡವ್ವ, ವಯಸ್ಸು ಐವತ್ನಾಲ್ಕು. ಇನ್ನೂರೈವತ್ತು ಕಿಲೋಮೀಟರ್ ದೂರದ ಅಂಕೋಲೆಗೆ ಇವರು ನಿನ್ನೆಯೇ ಹೊರಡಬೇಕಿತ್ತು. ಮಗ್ಗಕ್ಕೇರಿಸುವ ಉದ್ದೆಳೆಗಳ ಹಾಸು ಬರುವುದು ತಡವಾಯಿತು.

"ಗುಡ್ಡಕ್ಕಾ, ನೀ ಹೋಗು. ಉಳಿದದ್ದು ನಾ ಕೂಡಿಸ್ಕೋತೀನಿ," ಎನ್ನುತ್ತಾರೆ ಮಾನವ್ವ.

"ನಿನಗ ಕಣ್ಣ ಕಾಣಂಗಿಲ್ಲ, ನನಗ ಸಮಾಧಾನ ಆಗಂಗಿಲ್ಲ. ಸುಮ್ನ ಕುಂಡ್ರವಾ."

ಮಗ್ಗದ ಮೇಲಿನ ಹಾಸು ಮುಗಿಯುತ್ತ ಬಂದಾಗ ನೇಕಾರರು ಹಳೆಯ ಎಳೆಗಳ ತುದಿಗಳನ್ನು ಹಾಗೇ ಉಳಿಸುತ್ತಾರೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಅದರದರ ಹಳೆಯ ಎಳೆಗೆ ಹೊಸೆದು ಕೂಡಿಸಬೇಕು. ಹತ್ತಿರ ಹತ್ತಿರ ನಾಲ್ಕು ಸಾವಿರ ಎಳೆ, ಒಂದು ಪೂರ್ತಿ ದಿನದ ಕೆಲಸ. ಸೀರೆ ಉಟ್ಟು ಮೆರೆಯುವವರಿಗೆ ನೇಯ್ದವರೇ ಗೊತ್ತಿಲ್ಲ, ಇನ್ನು ಎಳೆ ಕೂಡಿಸಿದವರನ್ನು ಕೇಳುವವರು ಯಾರು!

ಗುಡ್ಡವ್ವ ಈ ಕೆಲಸ ಹಿಡಿದದ್ದು ಹನ್ನೊಂದನೇ ವಯಸ್ಸಿನಲ್ಲಿ, ತಂದೆ ತೀರಿಕೊಂಡ ವರ್ಷ. ಶಾಲೆ ಅಲ್ಲಿಗೇ ನಿಂತಿತು. ಆಗ ಈ ಓಣಿಯೊಂದರಲ್ಲೇ ಮೂವತ್ತು ಮಗ್ಗಗಳಿದ್ದವು, ಈಗ ಒಂಬತ್ತು. ಹಾಗಾಗಿ ಕೆಲಸ ಹುಡುಕಿಕೊಂಡು ರಾಜೂರಿನವರೆಗೂ ಸೈಕಲ್ ತುಳಿಯುತ್ತಾರೆ. ನಡು ನೋಯುತ್ತದೆ, ಕನ್ನಡಕ ಎರಡು ಸಲ ಬದಲಾಗಿದೆ. "ಕೈ ಇನ್ನೂ ಮಾತ ಕೇಳ್ತಾವ್ರಿ, ಅಷ್ಟ ಸಾಕು," ಎನ್ನುತ್ತಾರೆ.

ಅವರಿಗೆ ಸೈಕಲ್ ಕಲಿಸಿದವಳು ಪಕ್ಕದ ಮನೆಯ ಗೆಳತಿ ಇಷ್ರತ. ಮುಂದೆ ಇಷ್ರತಳನ್ನು ಅಂಕೋಲೆಗೆ ಕೊಟ್ಟರು. ಮದುವೆಯ ದಿನ ಆಕೆ ಹೇಳಿದ್ದು ಒಂದೇ ಮಾತು: "ಸೈಕಲ್ ಮ್ಯಾಲ ಬಾ, ಸಮುದ್ರ ತೋರಸ್ತೀನಿ. ಬಸ್ಸಿನ್ಯಾಗ ಬಂದ್ರ ಬಾಗಲಾ ತಗಿಯಂಗಿಲ್ಲ." ಮೂವತ್ತಮೂರು ವರ್ಷವಾಯಿತು. ಬಾಣಂತನ, ಅತ್ತೆಯ ಕಾಯಿಲೆ, ಮಳೆ, ಯಾರದೋ ಹಾಸು, ಹೀಗೆ ಒಂದಿಲ್ಲೊಂದು ಅಡ್ಡ ಬಂತು. ಈಗ ಇಷ್ರತಳಿಗೆ ಮೊಣಕಾಲು ನೋವು. ಸಮುದ್ರದ ದಂಡೆಗೆ ನಡೆದು ಹೋಗುವುದೂ ಕಷ್ಟವಂತೆ. ಇನ್ನು ತಡ ಮಾಡಬಾರದೆಂದು ಗುಡ್ಡವ್ವನಿಗೆ ಗಡಿಬಿಡಿ ಹತ್ತಿದ್ದು ಆಗಲೇ.

ಹೋದ ದೀಪಾವಳಿ ಮುಗಿದ ವಾರ ಹೊರಟೂ ಬಿಟ್ಟಿದ್ದರು. ನರೇಗಲ್ ಮುಟ್ಟಿ ಚಹಾ ಹೇಳಿದ್ದರಷ್ಟೆ, ಇದೇ ಮಾನವ್ವನ ಫೋನು: ಕರಿ ಸೀರೆಯ ಮೈಯಲ್ಲಿ ಕೆಂಪು ಎಳೆಯೊಂದು ಕಾಣುತ್ತಿದೆ! ಹಿಂದಿನ ಸಂಜೆ ಅವಸರದಲ್ಲಿ ಗುಡ್ಡವ್ವ ಹೊಸ ಹಾಸಿನ ಒಂದು ಎಳೆ ಬಿಟ್ಟಿದ್ದರು. ಅಲ್ಲಿಂದಾಚೆ ಪ್ರತಿ ಎಳೆಯೂ ಪಕ್ಕದ ಎಳೆಯ ಜಾಗಕ್ಕೆ ಬಂದು, ದಡಿಯ ಕೆಂಪು ಒಡಲಿನ ಕಪ್ಪಿಗೆ ನುಗ್ಗಿತ್ತು. ಕೊನೆಗೆ ಹಳೆಯ ಎಳೆಯೊಂದು ಜೋಡಿಯಿಲ್ಲದೆ ಉಳಿದಾಗ, ಹೆಚ್ಚಿನದಿರಬೇಕೆಂದು ಚಿವುಟಿ ಎದ್ದಿದ್ದರು.

"ಚಹಾ ಕುಡೀಲಿಲ್ರಿ, ಹೊಳ್ಳಿ ಬಂದೆ. ಒಂಬೈನೂರ ಚಿಲ್ಲರ ಎಳಿ ಬಿಚ್ಚಿ ಮತ್ತ ಕೂಡಿಸಿದೆ. ಭಾಳ ನಾಚಿಕಿ ಆತು. ನಲವತ್ತ ವರ್ಷದಾಗ ಹಂಗ ಆಗಿದ್ದಿಲ್ಲ."

ಅಂದಿನಿಂದ ತಮಗೆ ತಾವೇ ಒಂದು ಕಟ್ಟಳೆ ಹಾಕಿಕೊಂಡಿದ್ದಾರೆ. ಎಳೆ ಕೂಡಿಸಿದ ಮೇಲೆ ನೇಕಾರರು ಒಂದು ಗೇಣು ನೇಯ್ದು ತೋರಿಸುವವರೆಗೂ ಆ ಮನೆಯ ಹೊಸ್ತಿಲು ದಾಟುವುದಿಲ್ಲ. ದಾರಿಗೂ ಅದೇ ನಿಯಮ: ಮೊದಲು ಪರೀಕ್ಷೆ, ಆಮೇಲೆ ಪಯಣ. ಆರು ತಿಂಗಳಿಂದ ಪ್ರತಿ ರವಿವಾರ ಕ್ಯಾರಿಯರಿಗೆ ಹದಿನೈದು ಕಿಲೋ ಜೋಳ ಕಟ್ಟಿಕೊಂಡು ನರೇಗಲ್‌ಗೆ ಹೋಗಿ ಬರುತ್ತಾರೆ. ಏರು ಬಂದರೆ ಇಳಿದು ನೂಕುತ್ತಾರೆ. ಮೊದಮೊದಲು ಹಿಂದಿನಿಂದ ಬಂದ ಸೈಕಲ್ಲು ದಾಟಿ ಹೋದರೆ ಸಿಟ್ಟು ಬರುತ್ತಿತ್ತಂತೆ. "ಈಗ 'ಹೋಗಪಾ ತಮ್ಮಾ' ಅಂತೀನ್ರಿ."

ಇವರ ಬಗ್ಗೆ ಬರೆಯಲು ಬಂದಿದ್ದ ನನಗೋ ಎಂಟರ ಬಸ್ಸು ಹಿಡಿಯುವ ಚಡಪಡಿಕೆ. ಮೂರನೇ ಸಲ ಗಡಿಯಾರ ನೋಡಿದ್ದು ಅವರ ಕಣ್ಣಿಗೆ ಬಿತ್ತು. "ಬಸ್ಸ ಹೋದ್ರ ಇನ್ನೊಂದ ಬರ್ತೈತ್ರಿ. ನಮ್ಮ ಊರಾಗ ಬಸ್ಸಿಗೇನ ಬರ ಐತಿ?" ನಾನು ಗಡಿಯಾರ ಬಿಚ್ಚಿ ಜೇಬಿಗಿಟ್ಟೆ.

ಒಂಬತ್ತೂವರೆಗೆ ಕೊನೆಯ ಎಳೆ ಕೂಡಿತು. ಹಳೆಯದೂ ಉಳಿಯಲಿಲ್ಲ, ಹೊಸದೂ ಉಳಿಯಲಿಲ್ಲ. ಮಾನವ್ವ ಲಾಳಿ ಎಸೆಯತೊಡಗಿದರು. ಗೇಣು ತುಂಬಿದಾಗ ಗುಡ್ಡವ್ವ ಬಗ್ಗಿ, ಎರಡೂ ದಡಿಗಳ ಮೇಲೆ ಬೆರಳಾಡಿಸಿ, ಕೈಯ ಬೂದಿ ತೊಳೆದುಕೊಂಡರು. ಅಷ್ಟರಲ್ಲಿ ಇಷ್ರತಳ ಫೋನು.

"ಎಲ್ಲಿಗೆ ಬಂದಿ?"

"ಇನ್ನೂ ಊರಾಗ ಅದೀನಿ."

"ಮತ್ತ ಎಳಿ ಬಿಟ್ಟಿ ಏನ?"

"ಇಲ್ಲ. ಈ ಸಲ ಒಂದೂ ಬಿಟ್ಟಿಲ್ಲ. ನಾಲ್ಕ ದಿನಕ್ಕ ಬರ್ತೀನಿ, ಐದಾದ್ರ ಸಿಟ್ಟಾಗಬ್ಯಾಡ."

"ಬಾ. ಸಮುದ್ರ ಇಲ್ಲೇ ಇರ್ತೈತಿ."

ಗುಡ್ಡವ್ವ ಕ್ಯಾರಿಯರಿನ ಹಗ್ಗವನ್ನು ಇನ್ನೊಮ್ಮೆ ಬಿಗಿದರು. ಅಲ್ಲಿಗೆ ಹೋಗಿ ಏನು ಮಾಡುತ್ತೀರಿ ಎಂದು ಕೇಳಿದೆ.

"ಈ ಚೀಲಾ ಇಳಿಸಿ, ಅದ ಜಾಗಾದಾಗ ಅಕಿನ್ನ ಕುಂಡ್ರಿಸಿಕೊಂಡ ಸಮುದ್ರದ ದಂಡಿಗೆ ಒಯ್ಯಬೇಕ್ರಿ. ನಾ ಸೈಕಲ್ ಕಲಿಯೂಮುಂದ ಅಕಿ ಹಿಂದ ಸೀಟ ಹಿಡ್ಕೊಂಡ ಬರೇಗಾಲಿಲೆ ಓಡಿದ್ಲು."